ಅಣ್ಣನ ಕತ್ತಿ, ತಮ್ಮನ ಸಾಣೆ

ನಮ್ಮಪ್ಪನದು ಕ್ಷೌರದಂಗಡಿ. ಅವನ ತಮ್ಮ, ಅಂದರೆ ನನ್ನ ಚಿಕ್ಕಪ್ಪ, ಕ್ಷೌರದ ಕತ್ತಿಗಳಿಗೆ ಸಾಣೆ ಹಿಡಿಯುವವನು. ತಮ್ಮ ಹರಿತ ಮಾಡಿ ಕೊಟ್ಟ ಕತ್ತಿಯಿಂದ ಅಣ್ಣ ಊರವರ ಗಡ್ಡ ತೆಗೆಯುತ್ತಿದ್ದ. ಒಬ್ಬನನ್ನು ಬಿಟ್ಟರೆ ಇನ್ನೊಬ್ಬನಿಗೆ ಕೈಕಾಲು ಆಡುವುದಿಲ್ಲ ಅನ್ನುವ ಹಾಗಿದ್ದವರು. ಇವರಿಬ್ಬರ ನಡುವೆ ಮಾತು ನಿಂತುಹೋಗುತ್ತದೆ ಅಂತ ಯಾರಾದರೂ ಮೊದಲೇ ಹೇಳಿದ್ದರೆ ಅವರಿಗೆ ನಾನೇ ಚೆನ್ನಾಗಿ ಉಗಿದು ಕಳಿಸುತ್ತಿದ್ದೆ. ನನ್ನ ಬಾಯಿ ಜೋರು ಅನ್ನುವುದು ನಮ್ಮ ಬೀದಿಗೆಲ್ಲ ಗೊತ್ತಿರುವ ವಿಷಯ, ಅದಕ್ಕೆ ನಾನು ನಾಚಿಕೆಪಡುವುದಿಲ್ಲ. ಆದರೂ ಮಾತು ನಿಂತಿತು. ಆಸ್ತಿಗಾಗಿ ಅಲ್ಲ, ಮನೆ ಹೆಂಗಸರ ಜಗಳಕ್ಕೂ ಅಲ್ಲ. ಒಂದು ಕತ್ತಿ ಎಷ್ಟು ದಪ್ಪ ಇರಬೇಕು ಅನ್ನುವುದಕ್ಕೆ.

ನಗುವವರು ನಗಲಿ. ಈಗಿನವರಿಗೆ ಗಡ್ಡ ತೆಗೆಯುವುದೆಂದರೆ ಪ್ಲಾಸ್ಟಿಕ್ ಕಡ್ಡಿಗೆ ಸಿಕ್ಕಿಸಿದ ಬ್ಲೇಡು, ನಾಲ್ಕು ಸಲ ಎಳೆದು ಕಸದ ಬುಟ್ಟಿಗೆ ಎಸೆದರೆ ಮುಗಿಯಿತು. ನಮ್ಮ ಅಂಗಡಿಯದು ಮಡಚುವ ಕತ್ತಿ. ಒಂದು ಅಲಗು, ಅದನ್ನು ಒಳಗೆ ಮಡಚಿಡಲು ಎರಡು ಪಟ್ಟಿಯ ಹಿಡಿ, ಎರಡನ್ನೂ ಹಿಡಿದಿಡುವ ಒಂದು ಮೊಳೆ. ಇಷ್ಟೇ. ಆದರೆ ಈ ಇಷ್ಟರಲ್ಲೇ ಕಾಲಕಾಲಕ್ಕೆ ಅದು ತಾಳಿದ ಅವತಾರಗಳನ್ನು ನೋಡಿದರೆ ತಲೆ ತಿರುಗಬೇಕು.

ನಮ್ಮ ತಾತನ ಕಾಲದ ಕತ್ತಿಯನ್ನು ನೋಡಿದರೆ ಇದು ಬಡಗಿಯ ಪೆಟ್ಟಿಗೆಯಿಂದ ತಪ್ಪಿಸಿಕೊಂಡು ಬಂದದ್ದು ಅನ್ನಿಸುತ್ತಿತ್ತು. ಬೆನ್ನು ಕಿರುಬೆರಳಿನಷ್ಟು ದಪ್ಪ. ಅಲ್ಲಿಂದ ಕೊಯ್ಯುವ ಬಾಯಿಯವರೆಗೆ ನೇರ ಇಳಿಜಾರು, ಸೌದೆ ಸೀಳುವ ಬೆಣೆಯ ಹಾಗೆ. ಅದಕ್ಕೇ ಅದನ್ನು ಬೆಣೆ ಕತ್ತಿ ಅನ್ನುತ್ತಿದ್ದರು. ಹಿಂದುಗಡೆ ಬೆರಳೂರಲು ಜಾಗವಿಲ್ಲ, ಬರೀ ಮೋಟು. ಹಿಡಿ ಕೋಣದ ಕೊಂಬಿನದು. ಆಮೇಲೆ ಬಂದವಕ್ಕೆ ಬಾಲ ಬಂತು, ಕಿರುಬೆರಳು ಕೂರಲು ಒಂದು ಬಾಗು ಬಂತು. ಆಮೇಲೆ ಅಲಗಿನ ಎರಡು ಮಗ್ಗುಲನ್ನೂ ಒಳಕ್ಕೆ ಕೊರೆಯುವುದು ಶುರುವಾಯಿತು. ಮೊದಮೊದಲು ಸ್ವಲ್ಪ, ಆಮೇಲಾಮೇಲೆ ಬೆನ್ನೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕಾಗದದಷ್ಟು ತೆಳು. ಅಲಗು ಹಗುರಾದ ಹಾಗೆ ಶೋಕಿಯೂ ಹೆಚ್ಚಿತು. ಅಲಗಿನ ಮೇಲೆ ಚಿನ್ನದ ನೀರಿನಲ್ಲಿ ಹಡಗು, ಹೂಬಳ್ಳಿ, ಕುದುರೆ. ಹಿಡಿ ಮೂಳೆಯದಾಯಿತು, ದಂತದ ಹಾಗೆ ಕಾಣುವ ಸೆಲ್ಯುಲಾಯ್ಡಿನದಾಯಿತು, ಕೆಂಪು ಬಂತು, ಹಸಿರು ಬಂತು. ಅಲಗಿನ ತುದಿಯ ಮೂತಿಯಲ್ಲೂ ಚೌಕ, ದುಂಡು, ಓರೆ, ಮೂಲೆಯಲ್ಲಿ ಕಚ್ಚು ಹಾಕಿದ್ದು ಅಂತ ತರಾವರಿ. ನಮ್ಮಪ್ಪ ಇವೆಲ್ಲವನ್ನೂ ಕೈಯಲ್ಲಿ ಹಿಡಿದವನು. ಹೊಸದೊಂದು ಬಂತೆಂದರೆ ಮದುವೆ ಗಂಡಿನ ಹಾಗೆ ಸಂಭ್ರಮಪಡುತ್ತಿದ್ದ.

ತಾತ ತೀರಿಕೊಂಡಾಗ ಅಪ್ಪನಿಗೆ ಮೀಸೆ ಆಗ ತಾನೇ ಮೂಡುತ್ತಿತ್ತಂತೆ. ತಮ್ಮನ ಮೂಗು ಒರೆಸಿ, ಊಟ ಹಾಕಿ, ಶಾಲೆಗೆ ಕಳಿಸಿ, ಅವನು ಶಾಲೆ ಬಿಟ್ಟು ಓಡಿ ಬಂದಾಗ ಕಿವಿ ಹಿಂಡಿ, ಕೊನೆಗೆ ದೂರದ ಕತ್ತಿ ಕಾರ್ಖಾನೆಗೆ ಕೆಲಸ ಕಲಿಯಲು ಕಳಿಸಿದವನು ಅಪ್ಪನೇ. "ನಂಗೆ ಕೈ ಇದೆ, ತಾಳ್ಮೆ ಇಲ್ಲ. ನಿಂಗೆ ತಾಳ್ಮೆ ಇದೆ, ಹೋಗಿ ಸಾಣೆ ಕಲಿ" ಅಂದನಂತೆ. ಚಿಕ್ಕಪ್ಪ ಕಲಿತು ಬಂದ. ಪುಟ್ಟ ಎರಡು ಕಲ್ಲಿನ ಚಕ್ರಗಳ ನಡುವೆ ಅಲಗನ್ನು ತೂರಿಸಿ ಎರಡೂ ಮಗ್ಗುಲು ಒಟ್ಟಿಗೇ ಕೊರೆಯುವ ವಿದ್ಯೆ ಅದು. 'ಹೊಟ್ಟೆ ತೆಗೆಯೋದು' ಅನ್ನುತ್ತಿದ್ದ ಅದಕ್ಕೆ. ಹಾಗೆ ಹೊಟ್ಟೆ ತೆಗೆದ ಕತ್ತಿ ಗಡ್ಡದ ಮೇಲೆ ಸರಿಯುವಾಗ ಸರ್ ಸರ್ ಅಂತ ಹಾಡುತ್ತದೆ. ಅಂಗಡಿಯಲ್ಲಿ ನಾವು ಅದನ್ನು ಜೀರುಂಡೆ ಅಂತಲೇ ಕರೆಯುತ್ತಿದ್ದೆವು.

ಸೈಕಲ್ ರಿಪೇರಿ ಅಂಗಡಿಯ ಹಿಂದೆ ಚಿಕ್ಕಪ್ಪನ ಕೋಣೆ. ಕಾಲಲ್ಲಿ ತುಳಿಯುವ ಚಕ್ರ, ಮೇಲೆ ತೂತು ಮಾಡಿದ ಡಬ್ಬಿಯಿಂದ ಕಲ್ಲಿನ ಮೇಲೆ ತೊಟ್ಟಿಕ್ಕುವ ನೀರು, ನೆಲವೆಲ್ಲ ಕಪ್ಪು ಕೆಸರು. ಅಲ್ಲಿ ಸಿದ್ಧವಾದ ಪ್ರತಿ ಕತ್ತಿಯನ್ನೂ ಅವನೇ ಹೊತ್ತು ತಂದು ಅಪ್ಪನ ಮುಂದೆ ಇಡುತ್ತಿದ್ದ, ಇಟ್ಟು ತಾನೇ ಕುರ್ಚಿಯಲ್ಲಿ ಕೂರುತ್ತಿದ್ದ. ಸಾಣೆ ಹಿಡಿದವನ ಮುಖದ ಮೇಲೇ ಮೊದಲ ಕ್ಷೌರ ಆಗಬೇಕು ಅನ್ನುವುದು ತಾತ ಮಾಡಿಟ್ಟ ಕಟ್ಟಳೆ. ಕೂದಲು ಕಿತ್ತರೆ ಅವನಿಗೇ ಕೀಳಲಿ, ಗಿರಾಕಿಗೆ ಬೇಡ ಅಂತ. ಚಿಕ್ಕಪ್ಪ ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಒರಗಿಸಿ ಸುಖಪಡುತ್ತಿದ್ದ. ತನ್ನ ಸಾಣೆ, ಅಣ್ಣನ ಕೈ, ಇನ್ನೇನು ಬೇಕು? ಬೇರೆ ಯಾರೂ ಅವನ ಮುಖ ಮುಟ್ಟಿದ್ದಿಲ್ಲ.

ಅಂಗಡಿ ದೊಡ್ಡದೇನಲ್ಲ. ಎರಡು ಕುರ್ಚಿ, ಕೆಳಗಿನ ಮೂಲೆಯಲ್ಲಿ ಪಾದರಸ ಉದುರಿದ ಉದ್ದ ಕನ್ನಡಿ, ಸ್ಟವ್ ಮೇಲೆ ಸದಾ ಬಿಸಿನೀರಿನ ಕೆಟಲ್, ಕತ್ತಿ ಉಜ್ಜುವ ತೊಗಲಿನ ಪಟ್ಟಿ. ಪರದೆಯ ಆಚೆ ನನ್ನ ಜಾಗ. ಹೆಂಗಸರ, ಮಕ್ಕಳ ಕೂದಲು ಕತ್ತರಿಸುವುದು ನನ್ನ ಕೆಲಸ. ಅಮ್ಮ ತೀರಿಹೋದ ಮೇಲೆ ಮನೆಯಲ್ಲೂ ಅಂಗಡಿಯಲ್ಲೂ ಅಪ್ಪನಿಗೆ ನಾನು, ನನಗೆ ಅಪ್ಪ.

ಅಪ್ಪ ಹಿಂದಕ್ಕೆ ನಡೆಯಲು ಶುರು ಮಾಡಿದ್ದು ಕತ್ತಿಯ ಮೂತಿಯಿಂದ. ಅವನಿಗೆ ಚೌಕ ಮೂತಿಯೆಂದರೆ ಪ್ರಾಣ. ಅದರ ಮೂಲೆ ಸೂಜಿಯಷ್ಟು ಚೂಪು, ಮೀಸೆಯ ಗೆರೆ ತೀಡಲು ಅದೇ ಬೇಕು ಅನ್ನುತ್ತಿದ್ದ. ಒಂದು ದಿನ ನೋಡುತ್ತೇನೆ, ಕೈಯಲ್ಲಿ ದುಂಡು ಮೂತಿಯದು.

"ಏನಪ್ಪಾ ಇದು, ಹೊಸದಾಗಿ ಕಲಿಯೋರ ಕತ್ತಿ?" ಅಂದೆ.

"ವಯಸ್ಸಾದ ಗಿರಾಕಿಗಳೇ ಜಾಸ್ತಿ ಆಗಿಬಿಟ್ರಲ್ಲೇ. ಚರ್ಮ ಸಡಿಲ. ಇದೇ ವಾಸಿ."

ಸರಿ ಅಂದುಕೊಂಡೆ. ಸ್ವಲ್ಪ ಕಾಲವಾದ ಮೇಲೆ ಕಿರಿದಾದ ಅಲಗು ಹೋಗಿ ಅಗಲದ್ದು ಬಂತು. ಅಗಲ ಇದ್ದರೆ ನೊರೆ ಚೆನ್ನಾಗಿ ಹೊರುತ್ತದಂತೆ. ಆಮೇಲೆ ಕಾಗದದಂಥ ಜೀರುಂಡೆಗಳು ಡ್ರಾಯರ್ ಸೇರಿ ಅರ್ಧ ಮಾತ್ರ ಕೊರೆದವು ಹೊರಬಂದವು. ಈಗಿನವರ ಗಡ್ಡ ಒರಟಂತೆ. ಒಂದೊಂದು ಸಲ ಕತ್ತಿ ಬದಲಾದಾಗಲೂ ಒಂದೊಂದು ಭಾಷಣ. ಕೂತವರೆಲ್ಲ ಹೌದೌದು ಅನ್ನುತ್ತಿದ್ದರು. ಗಂಟಲ ಮೇಲೆ ಕತ್ತಿ ಇರುವಾಗ ವಾದ ಮಾಡುವ ಗಂಡು ಎಲ್ಲಿದ್ದಾನೆ? ನಡುವೆ ಒಂದು ಸಲ ಬ್ಲೇಡು ಬದಲಾಯಿಸುವ ಹೊಸ ನಮೂನೆಯದನ್ನೂ ತಂದು ನೋಡಿದ. ಹಕ್ಕಿಪುಕ್ಕದಷ್ಟು ಹಗುರ ಇದು, ಕೆಲಸಕ್ಕೆ ಬಾರದ್ದು ಅಂತ ಮರುದಿನವೇ ಮೂಲೆಗೆ ಎಸೆದ. ಕೊನೆಗೊಂದು ದಿನ ಅಟ್ಟದ ಪೆಟ್ಟಿಗೆಯಿಂದ ತಾತನ ಬೆಣೆ ಕತ್ತಿಯನ್ನೇ ಇಳಿಸಿಕೊಂಡು ಬಂದ. ಜಗತ್ತೆಲ್ಲ ದಪ್ಪದಿಂದ ತೆಳುವಿಗೆ ಬಂದಿದ್ದರೆ ನಮ್ಮಪ್ಪ ಬಂದ ದಾರಿಯಲ್ಲೇ ತಿರುಗಿ ಹೊರಟಿದ್ದ. ವಯಸ್ಸಾಯಿತು, ಹಳೆಯದರ ಹುಚ್ಚು ಹಿಡಿದಿದೆ ಅಂತ ನಾನೂ ನಕ್ಕಿದ್ದೆ.

ಒಂದು ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಅಪ್ಪ ನೊರೆಯ ಬಟ್ಟಲಿಗೆ ಕೆಟಲ್‌ನಿಂದ ನೀರು ಬಗ್ಗಿಸುತ್ತಿದ್ದ. ಕೆಟಲ್ ಮೂತಿ ಬಟ್ಟಲಿನ ಅಂಚಿಗೆ ಟಕಟಕಟಕ ಬಡಿಯಿತು. ಬಗ್ಗಿಸಿದ್ದರಲ್ಲಿ ಅರ್ಧ ಮೇಜಿನ ಮೇಲೆ ಚೆಲ್ಲಿತು. ನಾನು ಪರದೆ ಸರಿಸಿ ನೋಡಿದೆ. ಅವನು ಎಡಗೈಯಿಂದ ಬಲಗೈ ಮಣಿಕಟ್ಟನ್ನು ಒತ್ತಿ ಹಿಡಿದು ನಿಂತಿದ್ದ.

"ಎಷ್ಟು ದಿನದಿಂದ ಹೀಗೆ?" ಅಂದೆ.

ಅವನು ಬಾಗಿಲು ಮುಂದಕ್ಕೆ ಮಾಡಿದ. ಡ್ರಾಯರ್‌ನಿಂದ ಒಂದು ಜೀರುಂಡೆ ತೆಗೆದು ಗಾಳಿಯಲ್ಲಿ ಹಿಡಿದು ತೋರಿಸಿದ. ಅದರ ತುದಿ ಒಂದೇ ಸಮ ಅದುರುತ್ತಿತ್ತು. ಅದನ್ನಿಟ್ಟು ಬೆಣೆ ಕತ್ತಿ ಹಿಡಿದ. ಅದುರು ನಿಂತಿತು. ಪೂರ್ತಿ ಅಲ್ಲ, ಆದರೆ ನಿಂತ ಹಾಗೇ.

"ನೋಡು, ಭಾರ ಬಿದ್ರೆ ಸುಮ್ಮನಿರುತ್ತೆ. ಮೊದಲು ಮೂತಿ ದುಂಡಗಿದ್ರೆ ಸಾಕಾಗ್ತಿತ್ತು. ಆಮೇಲೆ ಸಾಲ್ದೇ ಹೋಯ್ತು. ಈಗ ಇಷ್ಟು ತೂಕ ಬೇಕು."

"ಡಾಕ್ಟರಿಗೆ ತೋರಿಸ್ಬಾರ್ದಾ?"

"ತೋರಿಸಿದ್ದೀನಿ. ಇದು ಹೆಚ್ಚೋದೇ ಹೊರತು ಇಳಿಯೋದಿಲ್ಲ ಅಂದ್ರು."

ನನಗೆ ಅಳು ತಡೆಯಲಾಗಲಿಲ್ಲ. ಅಪ್ಪನಿಗೆ ಅಂಗಡಿ ಬಿಟ್ಟರೆ ಬೇರೆ ಲೋಕವೇ ಇಲ್ಲ. ಹಬ್ಬ ಹುಣ್ಣಿಮೆಯೆಂದು ರಜ ಕೊಟ್ಟರೂ ಮನೆಯಲ್ಲಿ ಹತ್ತು ನಿಮಿಷ ಕೂತು, ಬಾಗಿಲು ಸರಿಯಾಗಿ ಹಾಕಿದ್ದೀನೋ ಇಲ್ಲವೋ ಅಂತ ನೆಪ ಹೂಡಿ ಎದ್ದು ಹೋಗುವವನು. ಕೈ ನಡುಗುತ್ತದೆ ಅಂತ ಒಬ್ಬರ ಬಾಯಿಗೆ ಬಿದ್ದರೂ ಮುಗಿಯಿತು. ನಡುಗುವ ಕೈಗೆ ಗಂಟಲು ಒಡ್ಡಲು ಯಾವ ಪುಣ್ಯಾತ್ಮ ಬರುತ್ತಾನೆ? ಆ ಬೆಣೆ ಕತ್ತಿ ಇರುವ ತನಕ ಅಪ್ಪನಿಗೆ ಅಂಗಡಿ. ಅಂಥದ್ದನ್ನು ಈಗ ಯಾರೂ ಮಾಡುವುದಿಲ್ಲ. ತಾತನ ಮಿಕ್ಕ ಕತ್ತಿಗಳೆಲ್ಲ ಸವೆದು ಹಾಳಾಗಿದ್ದವು, ಉಳಿದದ್ದು ಇದೊಂದೇ.

"ಚಿಕ್ಕಪ್ಪಂಗಾದ್ರೂ ಹೇಳು" ಅಂದೆ.

"ಅವನಿಗೆ ಹೇಳೋದೂ ಒಂದೇ, ಬೀದಿಯಲ್ಲಿ ಡಂಗುರ ಹೊಡೆಸೋದೂ ಒಂದೇ" ಅಂತ ನಕ್ಕ. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. "ಅಲ್ಲ ಕಣೇ, ಅವನು ಜೀವಮಾನ ಪೂರ್ತಿ ಕತ್ತಿ ತೆಳು ಮಾಡಿದ್ದು ಯಾರ ಕೈ ನಂಬ್ಕೊಂಡು? ಆ ಕೈ ಹೋಯ್ತು ಅಂತ ಯಾವ ಬಾಯಲ್ಲಿ ಹೇಳ್ಲಿ? ನೀನೂ ಹೇಳಕೂಡ್ದು. ನನ್ನಾಣೆ."

ಚಿಕ್ಕಪ್ಪ ಮೊದಲು ಬೆಣೆ ಕತ್ತಿಯನ್ನು ತಮಾಷೆಗೇ ತೆಗೆದುಕೊಂಡಿದ್ದ. "ಏನಣ್ಣಾ, ಎಮ್ಮೆ ಮೇಯಿಸ್ತಾ ಇದ್ದೀಯಾ?" ಅಂತ ಬಾಗಿಲಲ್ಲೇ ಕೂಗುವನು. ಅಂದಿನಿಂದ ಅಂಗಡಿಯಲ್ಲಿ ಅದಕ್ಕೆ ಎಮ್ಮೆ ಅನ್ನುವ ಹೆಸರೇ ನಿಂತಿತು. ಆದರೆ ಎಮ್ಮೆ ಮೇಜು ಬಿಟ್ಟು ಕದಲಲಿಲ್ಲ. ಚಿಕ್ಕಪ್ಪ ತಂದಿಟ್ಟ ಹೊಸ ಕತ್ತಿಗಳು ಮೊದಲ ಕ್ಷೌರವನ್ನೂ ಕಾಣದೆ ಡ್ರಾಯರ್ ಸೇರತೊಡಗಿದವು. "ಇವತ್ತು ಬೇಡ, ಗಿರಾಕಿ ಕಾಯ್ತಿದ್ದಾರೆ," "ನಾಳೆ ನೋಡೋಣ," ಹೀಗೇ. ಒಂದು ದಿನ ಬೆಂಚಿನ ತುಂಬ ಜನ ಇರುವಾಗ ಚಿಕ್ಕಪ್ಪ ಆ ಡ್ರಾಯರ್ ಎಳೆದ. ತಾನು ಹಚ್ಚಿ ಕೊಟ್ಟ ಎಣ್ಣೆ ಅಲಗುಗಳ ಮೇಲೆ ಹಾಗೇ ಒಣಗಿ ಹಳದಿಗಟ್ಟಿತ್ತು.

"ಅಣ್ಣಾ, ಒಂದನ್ನೂ ಮುಟ್ಟಿಲ್ವಲ್ಲ ನೀನು."

ಅಪ್ಪ ಕುರ್ಚಿಯಲ್ಲಿದ್ದ ಪೋಸ್ಟ್‌ಮ್ಯಾನ್‌ನ ಕೆನ್ನೆಗೆ ನೊರೆ ಹಚ್ಚುತ್ತಲೇ ಇದ್ದ. ಕೂತವರೆಲ್ಲ ಕಿವಿ ನಿಮಿರಿಸಿದ್ದರು.

"ಏನು ಕೊರತೆ ಅಂತ ಹೇಳು. ಬಾಯಿ ಮುಕ್ಕಾಗಿದೆಯಾ? ಬೆನ್ನು ಸೊಟ್ಟ ಇದೆಯಾ?"

"ಕೊರತೆ ಏನಿಲ್ಲ. ನಿನ್ನ ಕತ್ತಿ ಬರೀ ಸದ್ದು" ಅಂದುಬಿಟ್ಟ ಅಪ್ಪ. "ಅಪ್ಪನ ಕತ್ತಿ ಮುಂದೆ ಅವು ಯಾವುದೂ ನಿಲ್ಲಲ್ಲ."

ಚಿಕ್ಕಪ್ಪನ ಮುಖ ಸಪ್ಪಗಾಯಿತು. ಆ ದಿನ ತಂದಿದ್ದ ಕತ್ತಿಯನ್ನು ಮೇಜಿನ ಮೇಲಿಟ್ಟು, "ಸರಿ ಬಿಡು" ಅಂದು ಹೊರಟುಹೋದ. ಅಪ್ಪ ಅವನ ಬೆನ್ನನ್ನು ಕನ್ನಡಿಯಲ್ಲೇ ನೋಡುತ್ತಾ ನಿಂತಿದ್ದ. ಜನ ಖಾಲಿಯಾದ ಮೇಲೆ ನಾನು ಬಾಯಿಗೆ ಬಂದ ಹಾಗೆ ಬೈದೆ. ನಿಮ್ಮ ಗಂಡಸರ ಜಂಭಕ್ಕೆ ಬೆಂಕಿ ಬೀಳಲಿ, ಒಂದು ಮಾತು ಬಾಯಿಬಿಟ್ಟು ಹೇಳಿದ್ದರೆ ಮುಗಿಯುತ್ತಿತ್ತು ಅಂದೆ. ಅಪ್ಪ ತೊಳೆದ ಬಟ್ಟಲನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದ.

ಅಂದಿನಿಂದ ಚಿಕ್ಕಪ್ಪ ಗಡ್ಡ ಬಿಟ್ಟ. ಅಣ್ಣನ ಹತ್ತಿರ ಹೋಗುವಂತಿಲ್ಲ, ಬೇರೆಯವರಿಗೆ ಮುಖ ಕೊಡುವಂತಿಲ್ಲ. ಊರ ಕತ್ತಿಗೆಲ್ಲ ಸಾಣೆ ಹಿಡಿಯುವವನ ಮುಖದಲ್ಲಿ ಪೊದೆ ಬೆಳೆದದ್ದು ನೋಡಿ ಸೈಕಲ್ ರಿಪೇರಿಯವರು, "ಏನ್ ಸ್ವಾಮಿ, ಸನ್ಯಾಸ ತಗೊಂಡ್ರಾ?" ಅಂತ ರೇಗಿಸುತ್ತಿದ್ದರು. ಅಪ್ಪ ದಿನಾ ಒಂದಲ್ಲ ಒಂದು ಹೊತ್ತು ಅಂಗಡಿ ಬಾಗಿಲಿಗೆ ಬಂದು ಬೀದಿಯ ತುದಿ ನೋಡುವನು. ಯಾರು ಬರಬೇಕಿತ್ತಪ್ಪಾ ಅಂದರೆ, ಮಳೆ ಬರುತ್ತೇನೋ ನೋಡ್ತಿದ್ದೆ ಅನ್ನುವನು. ಬಿಸಿಲು ಸುಡುತ್ತಿರುತ್ತಿತ್ತು.

ಹೀಗಿರುವಾಗ ಎಮ್ಮೆಯ ಕೊಂಬಿನ ಹಿಡಿ ಮೊಳೆಯ ಹತ್ತಿರ ಸೀಳಿತು. ಅಲಗು ಹಿಡಿಯೊಳಗೆ ಸಡಿಲವಾಗಿ ಓಲಾಡತೊಡಗಿತು. ಗಟ್ಟಿ ಕೈಗೇ ಅದು ಅಪಾಯ, ಅಪ್ಪನ ಕೈಗೆ ಕೇಳುವುದೇ ಬೇಡ. ಅದನ್ನು ಸರಿ ಮಾಡಬಲ್ಲವನು ಊರಲ್ಲಿ ಒಬ್ಬನೇ. ಅಪ್ಪ ಎರಡು ದಿನ ಒದ್ದಾಡಿ, ಕೊನೆಗೆ ಕತ್ತಿಯನ್ನು ಟವೆಲ್‌ನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. "ಹಿಡಿ, ಮೊಳೆ ಎರಡನ್ನು ಮಾತ್ರ ಸರಿ ಮಾಡು ಅಂತ ಹೇಳು. ಕಲ್ಲಿಗೆ ಮುಟ್ಟಿಸೋದು ಬೇಡ ಅಂತ ಹೇಳು."

ನಾನು ಹೋಗಿ ಅಕ್ಷರಕ್ಕೆ ಅಕ್ಷರ ಅದನ್ನೇ ಹೇಳಿದೆ. ಚಿಕ್ಕಪ್ಪ ಕೈ ಒರೆಸಿಕೊಂಡು ಟವೆಲ್ ಬಿಚ್ಚಿದ. ಅಲಗನ್ನು ತಿರುಗಿಸಿ ತಿರುಗಿಸಿ ನೋಡಿದ. ಬೆನ್ನಿನ ಮೇಲೆ ಬೆರಳಾಡಿಸಿದ.

"ಚಿಕ್ಕಂದಿನಲ್ಲಿ ಅಪ್ಪ ಇದರಲ್ಲೇ ನನಗೆ ತಲೆ ಬೋಳಿಸಿದ್ದು" ಅಂದ. ಅಲಗನ್ನು ಟವೆಲ್ ಮೇಲಿಟ್ಟು, "ಅಣ್ಣಂಗೆ ಅಪ್ಪ ಅಂದ್ರೆ ಅಷ್ಟು ಪ್ರೀತಿ, ಅಲ್ವೇನೇ? ನಾನು ಸುಮ್ಮನೆ ಕೋಪ ಮಾಡ್ಕೊಂಡೆ" ಅಂದ. ಕಣ್ಣು ತುಂಬಿದ್ದವು. "ಒಂದು ವಾರ ಇರ್ಲಿ. ನಾನೇ ತಂದು ಕೊಡ್ತೀನಿ ಅಂತ ಹೇಳು."

ನಾನು ಓಡುತ್ತಾ ಬಂದು ಅಪ್ಪನಿಗೆ ಹೇಳಿದೆ, ಚಿಕ್ಕಪ್ಪನ ಕೋಪ ಇಳಿದಿದೆ ಅಂತ. ಅಪ್ಪ ಅವತ್ತು ಎರಡು ಸಲ ಬಡಿಸಿಕೊಂಡು ಊಟ ಮಾಡಿದ. ಕತ್ತಿ ಇಲ್ಲದೆ ಅಂಗಡಿ ತೆರೆಯುವಂತಿರಲಿಲ್ಲವಲ್ಲ, ಸುಣ್ಣ ಹೊಡೆಸುತ್ತೇವೆ ಅಂತ ಬೋರ್ಡ್ ಹಾಕಿದೆವು. ಹಾಕಿದ ತಪ್ಪಿಗೆ ನಿಜವಾಗಿಯೂ ಸುಣ್ಣ ಹೊಡೆಯಬೇಕಾಗಿ ಬಂತು. ಗೋಡೆಗೆ ನಾನು, ಬಾಗಿಲ ಚೌಕಟ್ಟಿಗೆ ಬಣ್ಣ ಅಪ್ಪ. ಅವನ ಗೆರೆ ಒಂದೂ ನೆಟ್ಟಗೆ ಬರಲಿಲ್ಲ, ಇಬ್ಬರೂ ನಕ್ಕೆವು.

ಆ ವಾರ ಚಿಕ್ಕಪ್ಪ ಏನು ಮಾಡುತ್ತಿದ್ದ ಅನ್ನುವುದನ್ನು ಅವನೇ ಆಮೇಲೆ ನನಗೆ ಹೇಳಿದ್ದು. ಮಿಕ್ಕ ಕೆಲಸವೆಲ್ಲ ಪಕ್ಕಕ್ಕಿಟ್ಟನಂತೆ. ಅಣ್ಣ ಈ ಕತ್ತಿ ಹಿಡಿದದ್ದು ತಮ್ಮನನ್ನು ಬಿಡಲಿಕ್ಕಲ್ಲ, ತಂದೆಯನ್ನು ಬಿಡಲಾರದೆ ಅಂತ ಅವನ ಲೆಕ್ಕ. ಹಾಗಾದರೆ ತಂದೆಯ ಉಕ್ಕಿಗೇ ತನ್ನ ಸಾಣೆ ಕೊಟ್ಟರೆ? ಆಗ ಅಣ್ಣ ಯಾವುದನ್ನು ಬೇಡ ಅಂದಾನು? ಕಲ್ಲಿಗೆ ಮುಟ್ಟಿಸಬೇಡ ಅಂದದ್ದನ್ನೂ ಸಿದ್ಧವಾದ ಕತ್ತಿ ನೋಡಿದರೆ ಅಣ್ಣ ಮರೆಯುತ್ತಾನೆ ಅಂದುಕೊಂಡನಂತೆ. ಹಳೆಯ ಹಿಡಿ ಬಿಚ್ಚಿದ. ಅಷ್ಟು ದಪ್ಪದ ಅಲಗನ್ನು ಅಷ್ಟು ತೆಳುವಿಗೆ ಇಳಿಸುವ ಕೆಲಸಕ್ಕೆ ಅವನ ಗುರುಗಳೂ ಕೈ ಹಾಕಿರಲಿಲ್ಲವಂತೆ. ಒಂದು ಚೂರು ಬಿಸಿ ಹೆಚ್ಚಾದರೆ ಉಕ್ಕು ಬಣ್ಣ ತಿರುಗಿ ಸತ್ತುಹೋಗುತ್ತದೆ. ಬರಿಗೈಯಲ್ಲೇ ಹಿಡಿದು, ಒಂದು ಸಲ ಕಲ್ಲಿಗೆ, ಒಂದು ಸಲ ನೀರಿಗೆ, ಹೀಗೆ ದಿನಗಟ್ಟಲೆ. ನೀರಿನ ಡಬ್ಬಿ ಮತ್ತೆ ಮತ್ತೆ ಕಪ್ಪಾಗುತ್ತಿತ್ತು, ಚೆಲ್ಲಿ ಹೊಸ ನೀರು ಹಿಡಿಯುತ್ತಿದ್ದ. ಮಗಳ ಮದುವೆಗೂ ಅಷ್ಟು ಖುಷಿಯಾಗಿರಲಿಲ್ಲ ನನಗೆ ಅಂದ, ಆ ಮಾತು ಹೇಳುವಾಗ ನನ್ನ ಮುಖ ನೋಡಲಿಲ್ಲ.

ಅವನು ಬಂದದ್ದು ಬೆಳಿಗ್ಗೆ. ಗೋಡೆಗಳು ಇನ್ನೂ ಹಸಿ ವಾಸನೆ ಹೊಡೆಯುತ್ತಿದ್ದವು. ಗಡ್ಡದೊಳಗಿಂದ ನಗುತ್ತಾ ಬಾಗಿಲಲ್ಲಿ ನಿಂತು, "ಅಣ್ಣಾ" ಅಂದ. ಅಪ್ಪ ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಎದ್ದ. ಇಬ್ಬರೂ ಎದುರುಬದುರು ನಿಂತರು, ಏನು ಮಾಡಬೇಕು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ. ಕೊನೆಗೆ ಚಿಕ್ಕಪ್ಪ ಬಟ್ಟೆಯ ಗಂಟು ಬಿಚ್ಚಿ, ಹೊಸ ಕೊಂಬಿನ ಹಿಡಿಯಿಂದ ಅಲಗನ್ನು ತೆರೆದು ಅಪ್ಪನ ಅಂಗೈಯಲ್ಲಿಟ್ಟ.

ಎಮ್ಮೆ ಇರಲಿಲ್ಲ. ಬೆನ್ನಿನ ಗೆರೆಯೊಂದು ಬಿಟ್ಟರೆ ಮಿಕ್ಕಿದ್ದೆಲ್ಲ ಬೆಳಕೇ ಆಗಿತ್ತು.

"ಅಯ್ಯೋ ಚಿಕ್ಕಪ್ಪಾ, ಏನು ಮಾಡಿಬಿಟ್ಟೆ!" ಅಂತ ನನ್ನ ಬಾಯಿಂದ ಬಂತು. ಅಪ್ಪ ನನ್ನ ಕಡೆ ನೋಡಿದ. ಆ ನೋಟಕ್ಕೆ ನಾನು ತುಟಿ ಕಚ್ಚಿಕೊಂಡೆ. ಅವನು ಅಲಗಿನ ಬಾಯಿಯನ್ನು ಹೆಬ್ಬೆರಳಿನ ಉಗುರ ಮೇಲಿಟ್ಟು ಮೆಲ್ಲನೆ ಒತ್ತಿದ. ಉಕ್ಕು ನೀರಿನ ಅಂಚಿನ ಹಾಗೆ ಬಾಗಿ ಮತ್ತೆ ನೆಟ್ಟಗಾಯಿತು.

"ಎಂಥ ಕೆಲಸ ಮಾಡಿದ್ದೀಯೋ" ಅಂದ. ಅದು ಹೊಗಳಿಕೆಯೇ. ಕೆಲಸ ಗೊತ್ತಿದ್ದವನು ಬೇರೆ ಏನು ಹೇಳಿಯಾನು?

"ಮತ್ತೆ ಅಪ್ಪನ ಕತ್ತಿ, ಕಳಪೆ ಮಾಡ್ತೀನಾ? ಬಾ, ಮೊದಲು ನಂದು" ಅಂತ ಚಿಕ್ಕಪ್ಪ ಕುರ್ಚಿಯಲ್ಲಿ ಕೂತೇಬಿಟ್ಟ. "ಈ ಪೊದೆ ತೆಗಿ. ಕನ್ನಡಿ ನೋಡಿದ್ರೆ ನಂಗೇ ಭಯ ಆಗುತ್ತೆ."

ಇವತ್ತು ಬೇಡ ಅಂತ ಅಪ್ಪ ಇನ್ನೊಮ್ಮೆ ಹೇಳಬಹುದಿತ್ತು. ಹೇಳಿದ್ದರೆ ತಮ್ಮ ಮತ್ತೆ ಆ ಬಾಗಿಲು ತುಳಿಯುತ್ತಿರಲಿಲ್ಲ. ಅಪ್ಪ ಬಿಳಿ ಬಟ್ಟೆ ಹೊದಿಸಿದ. ಕತ್ತರಿಯಿಂದ ಗಡ್ಡ ಮೋಟು ಮಾಡಿದ. ಬ್ರಷ್‌ನಿಂದ ನೊರೆ ಹಚ್ಚಿದ. ಅಲ್ಲಿಯವರೆಗೆ ಏನೂ ಕಾಣಲಿಲ್ಲ. ಆಮೇಲೆ ಆ ಗರಿಯಂಥ ಅಲಗನ್ನು ಕೈಗೆತ್ತಿಕೊಂಡ. ಚಿಕ್ಕಪ್ಪ ತಲೆ ಒರಗಿಸಿ ಕಣ್ಣು ಮುಚ್ಚಿದ, ಮುಖದ ತುಂಬ ಹಳೆಯ ಸುಖ.

ದಪ್ಪ ಕತ್ತಿ ಗುಟ್ಟು ಬಿಟ್ಟುಕೊಡುವುದಿಲ್ಲ. ತೆಳು ಕತ್ತಿ ಹಾಗಲ್ಲ, ಹಿಡಿದ ಕೈಯಲ್ಲಿ ಏನಿದೆಯೋ ಅದನ್ನೆಲ್ಲ ಕೂಗಿ ಹೇಳಿಬಿಡುತ್ತದೆ. ಸರ್ ಅಂತ ಒಂದೇ ಎಳೆಯಾಗಿ ಬರಬೇಕಾದ ಸದ್ದು ಚೂರುಚೂರಾಗಿ ಬಂತು. ಸರ್, ರ್, ರ್ ಅಂತ ಮಗು ಬಿಕ್ಕಿದ ಹಾಗೆ. ಸಾವಿರಾರು ಕತ್ತಿಗಳ ದನಿ ಕೇಳಿದ ಕಿವಿ ಅದು. ಚಿಕ್ಕಪ್ಪನ ಮುಖದ ನಗು ಮೆಲ್ಲಗೆ ಇಳಿಯಿತು. ಎರಡನೆಯ ಸಲ ಎಳೆದಾಗ ದವಡೆಯ ಹತ್ತಿರ ಬಿಳಿ ನೊರೆಯಲ್ಲಿ ಕೆಂಪು ಕಾಣಿಸಿಕೊಂಡಿತು. ಅಪ್ಪ ಕೈ ತೆಗೆದ.

"ಅಣ್ಣಾ" ಅಂದ ಚಿಕ್ಕಪ್ಪ, ಕಣ್ಣು ತೆರೆಯದೆ. "ಯಾವಾಗಿಂದ?"

"ದುಂಡು ಮೂತಿ ಹಿಡಿದಾಗಿಂದ."

ಚಿಕ್ಕಪ್ಪ ಮನಸ್ಸಿನಲ್ಲೇ ಒಂದೊಂದಾಗಿ ಎಣಿಸುತ್ತಿದ್ದ ಅಂತ ಕಾಣುತ್ತದೆ, ದುಂಡು ಮೂತಿ, ಅಗಲದ್ದು, ಅರ್ಧ ಕೊರೆದದ್ದು.

"ಹಂಗಾದ್ರೆ ಎಮ್ಮೆ?"

"ಅದು ಭಾರ ಇತ್ತು ಕಣೋ. ಅದನ್ನ ಹಿಡಿದ್ರೆ ಕೈ ಸುಮ್ಮನಿರ್ತಿತ್ತು."

ಚಿಕ್ಕಪ್ಪ ಥಟ್ಟನೆ ಎದ್ದು ಕೂತ. "ಕೊಡು ಇಲ್ಲಿ, ಸರಿ ಮಾಡ್ತೀನಿ" ಅಂತ ಕೈ ಚಾಚಿದ. ಅದು ಅವನ ರೂಢಿಯ ಮಾತು, ಯಾರು ಏನು ತಂದರೂ ಬಾಯಿಂದ ಮೊದಲು ಬರುವ ಮಾತು. ಚಾಚಿದ ಕೈ ನಡುವೆಯೇ ನಿಂತಿತು.

"ತೆಗೆಯೋದೊಂದೇ ಗೊತ್ತು ನಂಗೆ" ಅಂದ. "ತೆಗೆದಿದ್ದನ್ನ ಹಾಕೋಕೆ ಬರಲ್ವಲ್ಲಣ್ಣಾ."

ನೊರೆ ಮೆತ್ತಿದ ಮುಖದಲ್ಲಿ ಅವನು ಮಗುವಿನ ಹಾಗೆ ಅತ್ತ. ಅಪ್ಪ ಟವೆಲ್‌ನ ತುದಿಯಿಂದ ಅವನ ದವಡೆಯ ರಕ್ತ ಒತ್ತಿದ. "ಅಳಬೇಡ ಕಣೋ, ನೊರೆ ಎಲ್ಲಾ ಹೋಗುತ್ತೆ" ಅಂದ. "ಇಂಥ ಕೆಲಸ ನೀನು ಹಿಂದೆ ಯಾವತ್ತೂ ಮಾಡಿರ್ಲಿಲ್ಲ. ನಿಜ ಹೇಳ್ತೀನಿ, ಇಷ್ಟು ಒಳ್ಳೆ ಕತ್ತಿ ನಾನು ಮುಟ್ಟೇ ಇಲ್ಲ." ಆ ಮಾತು ಕೇಳಿ ಚಿಕ್ಕಪ್ಪನ ಅಳು ಇನ್ನೂ ಹೆಚ್ಚಿತು. ನಾನು ಪರದೆಯ ಆಚೆ ಹೋಗಿ ನಿಂತುಕೊಂಡೆ, ನನಗೂ ನಿಲ್ಲಲಾಗಲಿಲ್ಲ.

ಮತ್ತೆ ಬಂದಾಗ ಚಿಕ್ಕಪ್ಪ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ್ದ. "ಮುಗ್ಸು. ಅರ್ಧ ಮುಖ ಇಟ್ಕೊಂಡು ಬೀದಿಗೆ ಹೋಗ್ಲಾ?" ಅನ್ನುತ್ತಿದ್ದ. ಅಪ್ಪ ಒಲ್ಲೆ ಅಂದ. ಚಿಕ್ಕಪ್ಪ ಬಿಳಿ ಬಟ್ಟೆಯ ಕೆಳಗಿಂದ ಎರಡೂ ಕೈ ಹೊರಗೆ ತೆಗೆದು ಅಣ್ಣನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡ. ಕತ್ತಿಯ ಭಾರ ಇಳಿಸಿದವನು ತನ್ನ ಕೈಗಳ ಭಾರ ಹಾಕಿದ. ಹಾಗೆಯೇ ಇಬ್ಬರೂ ಸೇರಿ ಉಳಿದ ಕೆನ್ನೆ, ಗದ್ದ, ಗಂಟಲು ಮುಗಿಸಿದರು. ಅಲ್ಲಲ್ಲಿ ಕೊಯ್ದಿತು, ಇಬ್ಬರೂ ಅದನ್ನು ಲೆಕ್ಕಕ್ಕೆ ಇಡಲಿಲ್ಲ. ಮುಗಿದ ಮೇಲೆ ಅಪ್ಪ ಅಲಗನ್ನು ತೊಳೆದು, ಒರೆಸಿ, ಎಣ್ಣೆ ಹಚ್ಚಿ, ಮಡಚಿ ತಮ್ಮನ ಜೇಬಿಗೆ ಹಾಕಿದ. ನಮ್ಮಪ್ಪ ಮಾಡಿದ ಕೊನೆಯ ಕ್ಷೌರ ಅದು.

ಅಂಗಡಿ ಈಗ ನನ್ನದು. ಕತ್ತರಿ, ಬಾಚಣಿಗೆ ಮಾತ್ರ. ಅಪ್ಪ ಬದುಕಿರುವ ತನಕ ಬೆಂಚಿನ ಮೇಲೆ ಗಿರಾಕಿಯ ಹಾಗೆ ಬಂದು ಕೂರುತ್ತಿದ್ದ, ಚಿಕ್ಕಪ್ಪನೂ ದಿನಾ ಬಂದು ಪಕ್ಕದಲ್ಲಿ ಕೂರುತ್ತಿದ್ದ. ಅಪ್ಪ ಹೋದ ಮೇಲೆ ಚಿಕ್ಕಪ್ಪ ಬರುವುದು ನಿಂತಿತು, ನಾನೇ ಆಗಾಗ ಅವನ ಕೋಣೆಗೆ ಹೋಗಿ ಬರುತ್ತೇನೆ. ಹೋದ ತಿಂಗಳು ನನ್ನ ಕತ್ತರಿ ಹಿಡಿದುಕೊಂಡು ಅಲ್ಲಿ ನಿಂತಿದ್ದಾಗ ದೂರದ ಊರಿನಿಂದ ಒಬ್ಬರು ಅವನ ಹೆಸರು ಕೇಳಿಕೊಂಡು ಬಂದರು. ಅವರ ಕೈಯಲ್ಲಿದ್ದದ್ದು ಅವರ ತಾತನ ಕತ್ತಿಯಂತೆ, ಕೊಂಬಿನ ಹಿಡಿಯದು, ದಪ್ಪ ಬೆಣೆ. ಇದನ್ನ ತೆಳು ಮಾಡಿಕೊಡಬೇಕು, ನಿಮ್ಮಂಥ ಸಾಣೆಯವರು ಈಗ ಇನ್ನೊಬ್ಬರಿಲ್ಲವಂತೆ ಅಂದರು.

ಚಿಕ್ಕಪ್ಪ ಅದನ್ನು ಕೈಗೂ ತೆಗೆದುಕೊಳ್ಳಲಿಲ್ಲ. ಮನೆಗಳಿಂದ ಬಂದ ಅಡುಗೆ ಚಾಕುಗಳನ್ನು ಒಂದೊಂದಾಗಿ ಒರೆಸಿಡುತ್ತಾ ತಲೆ ಬಗ್ಗಿಸಿಕೊಂಡೇ ಹೇಳಿದ.

"ಯಾರೋ ತಪ್ಪು ಹೇಳಿದ್ದಾರೆ ಸ್ವಾಮಿ. ನಂಗೆ ಆ ಕೆಲಸ ಬರೋದಿಲ್ಲ."